ಲಿಟರಲ್‌ಗಳು ಮರೆಮಾಚುವ ಸಂಗತಿ

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯ ಡಾಕ್ಯುಮೆಂಟೇಶನ್ ನನ್ನ ಬ್ರೌಸರ್‌ನಲ್ಲಿ ಸದಾ ತೆರೆದೇ ಇರುತ್ತದೆ. ನಾನು ಬಳಸಿರುವ ಭಾಷೆಗಳ ಪೈಕಿ ಇಷ್ಟು ಶ್ರದ್ಧೆಯಿಂದ ಬರೆದ ಪುಟಗಳು ಕಡಿಮೆ. ಬಹುತೇಕ ಪ್ರತಿಯೊಂದು ಮೆಥಡ್‌ಗೂ ಉದಾಹರಣೆಯಿದೆ, ಆ ಉದಾಹರಣೆ ನಿಜವಾಗಿ ಕಂಪೈಲ್ ಆಗಿ ಓಡುತ್ತದೆ ಎಂಬ ಭರವಸೆಯೂ ಇದೆ. ಆದರೂ ಅದರ ಒಂದು ಅಭ್ಯಾಸ ಬಹಳ ಕಾಲದಿಂದ ನನ್ನನ್ನು ಕಾಡುತ್ತಿದೆ. ಸ್ಟ್ರಿಂಗ್ ಸ್ಲೈಸ್‌ನ, ಅಂದರೆ ಪಠ್ಯದ ಒಂದು ತುಂಡನ್ನು ತೋರಿಸುವ ರೆಫರೆನ್ಸ್‌ನ, ಪುಟಕ್ಕೆ ಹೋಗಿ ಟ್ರಿಮ್, ಸ್ಪ್ಲಿಟ್, ಲೈನ್ಸ್, ಸ್ಪ್ಲಿಟ್ ವೈಟ್‌ಸ್ಪೇಸ್ ಎಂಬ ಮೆಥಡ್‌ಗಳ ಉದಾಹರಣೆಗಳನ್ನು ಒಂದಾದ ಮೇಲೊಂದು ಓದಿ ನೋಡಿ. ಬಹುತೇಕ ಎಲ್ಲವೂ ಉದ್ಧರಣ ಚಿಹ್ನೆಗಳ ನಡುವೆ ನೇರವಾಗಿ ಬರೆದ ಲಿಟರಲ್‌ಗಳಿಂದಲೇ ಆರಂಭವಾಗುತ್ತವೆ. ಒಂದು ಚಿಕ್ಕ ವಾಕ್ಯ, ಅದರ ಮೇಲೆ ಮೆಥಡ್, ಬಂದ ಉತ್ತರ ಸರಿಯೇ ಎಂದು ಪರೀಕ್ಷಿಸುವ ಅಸರ್ಟ್, ಅಲ್ಲಿಗೆ ಮುಗಿಯಿತು.

ಲಿಟರಲ್ ಎಂದರೆ ಪ್ರೋಗ್ರಾಮಿನ ಬೈನರಿಯಲ್ಲೇ ಕುಳಿತಿರುವ ಅಕ್ಷರಗಳು. ಅದಕ್ಕೆ ತೆಗೆದುಕೊಂಡ ರೆಫರೆನ್ಸ್, ಅಂದರೆ ನಕಲು ಮಾಡದೆ ಅದರತ್ತ ತೋರಿಸುವ ಗುರುತು, ಪ್ರೋಗ್ರಾಮ್ ಮುಗಿಯುವವರೆಗೂ ಸಿಂಧು, ಅದರಿಂದ ಕತ್ತರಿಸಿಕೊಂಡ ಪ್ರತಿ ತುಂಡೂ ಹಾಗೆಯೇ. ಆದ್ದರಿಂದ ಈ ಉದಾಹರಣೆಗಳಲ್ಲಿ ‘ಈ ತುಂಡು ಎಲ್ಲಿಯವರೆಗೆ ಬಾಳುತ್ತದೆ’ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ಈ ಮೆಥಡ್‌ಗಳನ್ನು ಲಿಟರಲ್‌ಗಳ ಮೇಲೆ ಕರೆಯುವವರು ಯಾರು? ಫೈಲಿನಿಂದ ಓದಿದ ಸಾಲು, ನೆಟ್‌ವರ್ಕಿನಿಂದ ಬಂದ ಹೆಡರ್, ಬಳಕೆದಾರರು ಟೈಪ್ ಮಾಡಿದ ಹೆಸರು, ಇವುಗಳ ಮೇಲೆಯೇ ನಾವು ಅವನ್ನು ಕರೆಯುವುದು. ಅವೆಲ್ಲವೂ ಯಾವುದೋ ಸ್ಟ್ರಿಂಗ್‌ನ ಒಡೆತನದಲ್ಲಿದ್ದು, ಆ ಸ್ಟ್ರಿಂಗ್ ಅಳಿದಾಗ ಜೊತೆಗೇ ಅಳಿಯುವಂಥವು. ಹೀಗೆ ರೆಫರೆನ್ಸ್ ಹಿಂದಿರುಗಿಸುವ ಮೆಥಡ್ ಕುರಿತು ಓದುಗರಿಗೆ ಅತ್ಯಂತ ಬೇಕಾದ ಸಂಗತಿ ಯಾವುದೋ ಅದೇ ಉದಾಹರಣೆಯಿಂದ ಜಾರಿಹೋಗಿರುತ್ತದೆ. ಸಿಗ್ನೇಚರ್‌ನಲ್ಲಿ, ಅಂದರೆ ಮೆಥಡ್ ಏನು ತೆಗೆದುಕೊಂಡು ಏನು ಕೊಡುತ್ತದೆ ಎಂದು ಸಾರುವ ಸಾಲಿನಲ್ಲಿ, ಅದು ಇದೆ, ನಿಜ. ಸಿಗ್ನೇಚರ್ ಓದಬಲ್ಲವರಿಗೆ ಉದಾಹರಣೆಯ ಅಗತ್ಯ ಅಷ್ಟಾಗಿ ಇರುವುದಿಲ್ಲ ಎಂಬುದೂ ನಿಜ.

ಸೆಮಿಕೋಲನ್‌ವರೆಗಿನ ಆಯುಸ್ಸು

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಲಾಗ್ ಫೈಲುಗಳನ್ನು ಓದಿ ಜಾಲಾಡುವ ಒಂದಿಷ್ಟು ಸಲಕರಣೆಗಳನ್ನು ರಸ್ಟ್‌ನಲ್ಲಿ ಬರೆದಿದ್ದೇವೆ. ಅವುಗಳ ಒಳಬಳಕೆಯ ಲೈಬ್ರರಿಗೆ ಡಾಕ್ಯುಮೆಂಟೇಶನ್ ಬರೆಯುವ ಕೆಲಸ, ಬೇರಾರೂ ಒಪ್ಪಿಕೊಳ್ಳದ ಕಾರಣ, ನನ್ನ ಪಾಲಿಗೆ ಬಂದಿದೆ. ತಂಡಕ್ಕೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ, ಜಾವಾದಲ್ಲಿ ಚೆನ್ನಾಗಿ ಪಳಗಿದವಳು, ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಮೇಜಿನ ಬಳಿ ಬಂದಳು. ಪರದೆಯ ಮೇಲೆ ಒಂದೇ ಸಾಲಿತ್ತು. ಓದಿದ ಸಾಲನ್ನು ಟ್ರಿಮ್ ಮಾಡಿ, ಟು ಲೋವರ್‌ಕೇಸ್‌ನಿಂದ ಸಣ್ಣಕ್ಷರಕ್ಕೆ ಇಳಿಸಿ, ಸ್ಪ್ಲಿಟ್ ವೈಟ್‌ಸ್ಪೇಸ್‌ನಿಂದ ಪದಗಳಾಗಿ ಒಡೆದು, ಕಲೆಕ್ಟ್ ಮಾಡಿ ವರ್ಡ್ಸ್ ಎಂಬ ವೆಕ್ಟರ್‌ನಲ್ಲಿ, ಅಂದರೆ ಪಟ್ಟಿಯಲ್ಲಿ, ಇಟ್ಟುಕೊಳ್ಳುವುದು. ಕೆಳಗಿನ ಸಾಲಿನಲ್ಲಿ ಆ ಪದಗಳನ್ನು ಎಣಿಸುವುದು. ಕಂಪೈಲರ್ ಇ0716 ಎಂಬ ಎರರ್ ಕೊಟ್ಟು ನಿಂತಿತ್ತು.

“ಡಾಕ್ಸ್‌ನಲ್ಲಿ ಇರೋ ಹಾಗೇ ಬರೆದಿದ್ದೀನಿ ಸರ್, ಮಧ್ಯೆ ಒಂದು ಟು ಲೋವರ್‌ಕೇಸ್ ಸೇರಿಸಿದ್ದೀನಿ ಅಷ್ಟೇ. ಅದರಲ್ಲೇನು ತಪ್ಪು?” ಎಂದಳು. ಪ್ರಶ್ನೆ ನ್ಯಾಯವಾದದ್ದೇ. ಟ್ರಿಮ್ ಹೊಸ ಸ್ಟ್ರಿಂಗ್ ಮಾಡುವುದಿಲ್ಲ. ಮೂಲ ಸಾಲಿನೊಳಗೇ ಎಲ್ಲಿಂದ ಎಲ್ಲಿಗೆ ಎಂದು ಗುರುತು ಹಾಕಿಕೊಡುತ್ತದೆ. ಸ್ಪ್ಲಿಟ್ ವೈಟ್‌ಸ್ಪೇಸ್ ಕೂಡ ಹಾಗೆಯೇ. ಇವೆರಡರ ನಡುವೆ ಬರುವ ಟು ಲೋವರ್‌ಕೇಸ್ ಮಾತ್ರ ಹೊಚ್ಚ ಹೊಸ ಸ್ಟ್ರಿಂಗ್ ಒಂದನ್ನು ಕಟ್ಟಿ ಕೊಡುತ್ತದೆ. ಆ ಸ್ಟ್ರಿಂಗ್‌ಗೆ ಹೆಸರಿಲ್ಲ, ಯಾವ ವೇರಿಯಬಲ್ಲೂ ಅದನ್ನು ಹಿಡಿದುಕೊಂಡಿಲ್ಲ, ಆದ್ದರಿಂದ ಸಾಲಿನ ಕೊನೆಯ ಸೆಮಿಕೋಲನ್ ಬಂದೊಡನೆ ಅದು ಡ್ರಾಪ್ ಆಗುತ್ತದೆ. ವರ್ಡ್ಸ್‌ನಲ್ಲಿರುವ ಪ್ರತಿ ಪದವೂ ಆ ಅಳಿದುಹೋದ ಸ್ಟ್ರಿಂಗ್‌ನತ್ತಲೇ ಬೆರಳು ತೋರುತ್ತಿರುತ್ತದೆ. ಸಣ್ಣಕ್ಷರದ ಸ್ಟ್ರಿಂಗ್ ಅನ್ನು ಮೊದಲು ಒಂದು ಲೆಟ್‌ನಲ್ಲಿ ಹೆಸರಿಟ್ಟು ಉಳಿಸಿಕೊಂಡು, ಮುಂದಿನ ಸಾಲಿನಲ್ಲಿ ಒಡೆದರೆ ಕೆಲಸ ಆಯಿತು.

ಇಷ್ಟು ಹೇಳಿದ ಮೇಲೆ ಅವಳು ಇನ್ನೊಂದು ಫೈಲ್ ತೆರೆದು ತೋರಿಸಿದಳು. ಅದೇ ಸರಪಳಿ, ನಡುವೆ ಅದೇ ಟು ಲೋವರ್‌ಕೇಸ್; ಆದರೆ ಲೆಟ್‌ನಲ್ಲಿ ಅಲ್ಲ, ಫಾರ್ ಲೂಪಿನ ತಲೆಯಲ್ಲಿ. ಅದು ಯಾವ ತಕರಾರೂ ಇಲ್ಲದೆ ಕಂಪೈಲ್ ಆಗುತ್ತಿತ್ತು. “ಹಾಗಾದರೆ ಇದು ಹೇಗೆ ಸರಿ?” ಫಾರ್‌ನ ತಲೆಯಲ್ಲಿ ಹುಟ್ಟಿದ ತಾತ್ಕಾಲಿಕ ಮೌಲ್ಯಗಳು ಇಡೀ ಲೂಪ್ ಮುಗಿಯುವವರೆಗೆ ಉಳಿಯುತ್ತವೆ, ಲೆಟ್‌ನ ಬಲಗಡೆ ಹೀಗೆ ಸರಪಳಿಯ ನಡುವೆ ಹುಟ್ಟಿದವು ಸೆಮಿಕೋಲನ್‌ಗೇ ಮುಗಿಯುತ್ತವೆ, ಅದೇ ವ್ಯತ್ಯಾಸ. ಕೇಳಿದರೆ ಒಂದು ವಾಕ್ಯದ ವಿಷಯ. ಆದರೆ ಆ ಒಂದು ವಾಕ್ಯ ಸ್ಪ್ಲಿಟ್ ವೈಟ್‌ಸ್ಪೇಸ್ ಹುಡುಕಿಕೊಂಡು ಹೋದವರಿಗೆ ಅಲ್ಲಿ ಸಿಗುವುದಿಲ್ಲ. ತಾತ್ಕಾಲಿಕಗಳ ಆಯುಸ್ಸನ್ನು ಕುರಿತು ರಸ್ಟ್‌ನ ನಿಯಮಗಳನ್ನು ವಿವರಿಸುವ ‘ರೆಫರೆನ್ಸ್’ ಎಂಬ ಗ್ರಂಥದ ಒಳಪುಟವೊಂದರಲ್ಲಿ, ಡಿಸ್ಟ್ರಕ್ಟರ್‌ಗಳ ಅಧ್ಯಾಯದಲ್ಲಿ, ಬೇರೆಯೇ ಪರಿಭಾಷೆಯಲ್ಲಿ ಇದೆ. (ಸಿ ಪ್ಲಸ್ ಪ್ಲಸ್‌ನವರ ಅವಸ್ಥೆ ಇದಕ್ಕೆ ತದ್ವಿರುದ್ಧವಾಗಿತ್ತು. ಅಲ್ಲಿ ಫಾರ್‌ನ ತಲೆಯಲ್ಲಿ ಒಂದು ಫಂಕ್ಷನ್ ಕರೆದು ಬಂದ ವಸ್ತುವಿನ ಒಳಗಿನ ಪಟ್ಟಿಯ ಮೇಲೆ ಲೂಪ್ ಓಡಿಸಿದರೆ, ಲೂಪ್ ಆರಂಭವಾಗುವ ಮೊದಲೇ ಆ ವಸ್ತು ಅಳಿದುಹೋಗುತ್ತಿತ್ತು, ಕಂಪೈಲರ್ ಚಕಾರ ಎತ್ತುತ್ತಿರಲಿಲ್ಲ. ಭಾಷೆಯ ನಿಯಮವನ್ನೇ ತಿದ್ದಿ ಅದನ್ನು ಸರಿಪಡಿಸಿದ್ದು ಸಿ ಪ್ಲಸ್ ಪ್ಲಸ್ 23ರಲ್ಲಿ.)

ಮೂರು ಬಿಂದುಗಳು

ಆ ದಿನ ಅವಳಿಗೆ ವಿಷಯ ಅರ್ಥವಾದದ್ದು ನನ್ನ ವಿವರಣೆಯಿಂದ ಅಲ್ಲ, ಎರರ್ ಸಂದೇಶವನ್ನು ಎರಡನೆಯ ಸಲ ನಿಧಾನವಾಗಿ ಓದಿದ್ದರಿಂದ. ಇ0716ರ ಸಂದೇಶ ಕೋಡಿನ ಮೂರು ಜಾಗಗಳನ್ನು ಗೆರೆ ಎಳೆದು ತೋರಿಸುತ್ತದೆ: ಇಲ್ಲಿ ತಾತ್ಕಾಲಿಕ ಮೌಲ್ಯ ಹುಟ್ಟಿತು, ಈ ಸೆಮಿಕೋಲನ್‌ನಲ್ಲಿ ಅದು ಬಿಡುಗಡೆಯಾಯಿತು, ಇಗೋ ಇಲ್ಲಿ ನೀವು ಅದನ್ನು ಮತ್ತೆ ಬಳಸುತ್ತಿದ್ದೀರಿ. ಈ ರೂಪ ಆಕಸ್ಮಿಕವಾಗಿ ಬಂದದ್ದಲ್ಲ. 2018ರ ಡಿಸೆಂಬರಿನಲ್ಲಿ ರಸ್ಟ್ 1.31ರ ಜೊತೆ ಬಂದ ಹೊಸ ಬಾರೋ ಚೆಕರ್ (ರೆಫರೆನ್ಸ್ ತೆಗೆದುಕೊಳ್ಳುವುದು, ಅಂದರೆ ಬಾರೋ ಮಾಡುವುದು, ನಿಯಮದಂತಿದೆಯೇ ಎಂದು ನೋಡುವ ಕಂಪೈಲರ್‌ನ ಭಾಗ), ಅಂದರೆ ಬಳಗದಲ್ಲಿ ಎನ್‌ಎಲ್‌ಎಲ್ (ನಾನ್ ಲೆಕ್ಸಿಕಲ್ ಲೈಫ್‌ಟೈಮ್ಸ್) ಎಂದು ಕರೆಯುವ ವ್ಯವಸ್ಥೆ, ಅದರ ವಿನ್ಯಾಸವನ್ನು ಮುಂದಿಟ್ಟ ಆರ್‌ಎಫ್‌ಸಿ 2094 ಎಂಬ ಪ್ರಸ್ತಾವದಲ್ಲಿ ಎರರ್ ಸಂದೇಶಗಳಿಗೇ ಒಂದು ಭಾಗ ಮೀಸಲಿದೆ. ಯಾವ ಬಾರೋ ಎರರ್ ಅನ್ನಾದರೂ ಮೂರು ಬಿಂದುಗಳಾಗಿ ವಿವರಿಸಬಹುದು ಎನ್ನುವುದು ಅಲ್ಲಿನ ವಾದ: ರೆಫರೆನ್ಸ್ ತೆಗೆದುಕೊಂಡ ಬಿಂದು, ಅದನ್ನು ಅಸಿಂಧುಗೊಳಿಸುವ ಕ್ರಿಯೆ ನಡೆದ ಬಿಂದು, ಆ ನಂತರ ಅದನ್ನು ಬಳಸಿದ ಬಿಂದು. ಪ್ರೋಗ್ರಾಮರ್ ಮನಸ್ಸಿನಲ್ಲಿ ಕೋಡು ಮೇಲಿನಿಂದ ಕೆಳಕ್ಕೆ ಓಡುವ ಕ್ರಮದಲ್ಲೇ ಈ ಮೂರೂ ಬರುತ್ತವೆ. ಲೈಫ್‌ಟೈಮ್‌ಗಳಿಗೆ, ಅಂದರೆ ರೆಫರೆನ್ಸ್ ಸಿಂಧುವಾಗಿರುವ ಅವಧಿಗಳಿಗೆ, ಕೋಡಿನಲ್ಲಿ ಕೊಡುವ ಟಿಕ್ ಎ, ಟಿಕ್ ಬಿ ಎಂಬ ಹೆಸರುಗಳ ಗೊಡವೆಯೇ ಬೇಕಾಗುವುದಿಲ್ಲ.

ಕಂಪೈಲರ್ ತಂಡ ಕಂಡುಕೊಂಡ ಈ ಕ್ರಮವನ್ನು ಉದಾಹರಣೆ ಬರೆಯುವ ನಾವು ಏಕೆ ಅಳವಡಿಸಿಕೊಳ್ಳಲಿಲ್ಲ ಎಂಬುದು ನನ್ನ ತಕರಾರು. ಲೈಫ್‌ಟೈಮ್ ಕುರಿತ ಉದಾಹರಣೆಯೊಂದು ಕೈಗೆ ಸಿಕ್ಕರೆ ನಾನು ಈಗ ಮೊದಲು ನೋಡುವುದು ಈ ಮೂರು ಬಿಂದುಗಳು ಅದರಲ್ಲಿ ಇವೆಯೇ ಎಂದು. ಲಿಟರಲ್ ಇರುವ ಉದಾಹರಣೆಯಲ್ಲಿ ಎರಡನೆಯ ಬಿಂದು ಇರುವುದೇ ಇಲ್ಲ, ಏಕೆಂದರೆ ಅಳಿಯುವಂಥದ್ದು ಏನೂ ಇಲ್ಲ. ಉಳಿದ ಎಷ್ಟೋ ಉದಾಹರಣೆಗಳಲ್ಲಿ ಮೂರನೆಯದು ಇಲ್ಲ: ರೆಫರೆನ್ಸ್ ಪಡೆದು, ಅಲ್ಲೇ ಅಚ್ಚು ಹಾಕಿ, ಮುಗಿಸಿಬಿಡುತ್ತಾರೆ. ಮೂರರಲ್ಲಿ ಒಂದಿಲ್ಲದಿದ್ದರೂ ಓದುಗ ಕಲಿಯುವುದು ಸಿಂಟ್ಯಾಕ್ಸನ್ನು ಮಾತ್ರ.

ರಸ್ಟ್‌ನ ಅಧಿಕೃತ ಪುಸ್ತಕದಲ್ಲೇ ಎರಡೂ ಬಗೆ ಇವೆ. ನಾಲ್ಕನೆಯ ಅಧ್ಯಾಯದಲ್ಲಿ ಸ್ಟ್ರಿಂಗ್ ಒಂದರ ಮೊದಲ ಪದವನ್ನು ಹಿಂದಿರುಗಿಸುವ ಫಂಕ್ಷನ್ ಬರುತ್ತದೆ. ಪದವನ್ನು ಪಡೆಯುತ್ತಾರೆ, ಮೂಲ ಸ್ಟ್ರಿಂಗ್ ಮೇಲೆ ಕ್ಲಿಯರ್ ಕರೆದು ಅದನ್ನು ಬರಿದು ಮಾಡುತ್ತಾರೆ, ನಂತರ ಆ ಪದವನ್ನು ಅಚ್ಚು ಹಾಕಲು ಹೋಗುತ್ತಾರೆ. ಮೂರು ಬಿಂದು, ಮೂರು ಸಾಲು. ಬಫರ್ ಒಂದನ್ನು ಬರಿದು ಮಾಡಿ ಮರುಬಳಸುವುದು ನಾವೆಲ್ಲ ದಿನವೂ ಮಾಡುವ ಕೆಲಸವಾದ್ದರಿಂದ, ಅದನ್ನು ಓದಿದವರಿಗೆ ‘ಅರೆ, ಇದು ಸಿ ಭಾಷೆಯಲ್ಲಿ ನನಗೇ ಆಗುತ್ತಿತ್ತು’ ಎನಿಸದೇ ಇರದು. ಹತ್ತನೆಯ ಅಧ್ಯಾಯದಲ್ಲಿ ಲೈಫ್‌ಟೈಮ್‌ನ ವಿಷಯವೇ ನೇರವಾಗಿ ಬಂದಾಗ ಮಾತ್ರ ಉದಾಹರಣೆ ಕೃತಕವಾಗುತ್ತದೆ: ಹೊರಗೆ ಖಾಲಿ ವೇರಿಯಬಲ್, ಒಳಗೆ ಯಾವ ಕಾರಣವೂ ಇಲ್ಲದ ಒಂದು ಜೋಡಿ ಕರ್ಲಿ ಬ್ರ್ಯಾಕೆಟ್, ಅದರೊಳಗೆ ಐದು ಎಂಬ ಸಂಖ್ಯೆ, ಅದಕ್ಕೆ ರೆಫರೆನ್ಸ್, ಬ್ರ್ಯಾಕೆಟ್ ಮುಚ್ಚಿದ ಮೇಲೆ ಅಚ್ಚು. ಬಿಂದುಗಳು ಮೂರೂ ಇವೆ, ತರ್ಕ ಸರಿಯಾಗಿದೆ. ಆದರೆ ಕೋಡಿನ ನಡುವೆ ಹಾಗೆ ಬರಿದೇ ಬ್ರ್ಯಾಕೆಟ್ ಹಾಕುವವರು ಅಪರೂಪ. ನಿಜ ಜೀವನದಲ್ಲಿ ಮೌಲ್ಯಗಳು ಅಳಿಯುವುದು ಸ್ಟೇಟ್‌ಮೆಂಟಿನ ಕೊನೆಯಲ್ಲಿ, ಫಂಕ್ಷನ್ ಹಿಂದಿರುಗುವಾಗ, ಲೂಪಿನ ಒಂದು ಸುತ್ತು ಮುಗಿದಾಗ. ರೆಫರೆನ್ಸ್‌ಗಳು ಅಸಿಂಧುವಾಗುವುದು ವೆಕ್ಟರ್‌ಗೆ ಪುಶ್ ಮಾಡಿದಾಗ ಅದು ಬೇರೆ ಜಾಗಕ್ಕೆ ಎದ್ದುಹೋಗಬಹುದಾದ್ದರಿಂದ. ಬ್ರ್ಯಾಕೆಟ್ ಉದಾಹರಣೆಯಿಂದ ಕಲಿತವರು ತಮ್ಮ ಕೋಡಿನಲ್ಲಿ ಬ್ರ್ಯಾಕೆಟ್ ಹುಡುಕುತ್ತಾರೆ, ಕಾಣುವುದಿಲ್ಲ, ಹಾಗಾಗಿ ಕಂಪೈಲರ್ ಅನ್ನು ಬೈಯುತ್ತಾರೆ.

ಈ ಮಾತಿಗೆ ಒಳ್ಳೆಯ ಎದುರು ಮಾದರಿ ಸಿಗುವುದು ಸಿ ಪ್ಲಸ್ ಪ್ಲಸ್‌ನವರು ನಂಬಿಕೊಂಡಿರುವ ಸಿಪಿಪಿ ರೆಫರೆನ್ಸ್ ತಾಣದಲ್ಲಿ. ಸಿ ಪ್ಲಸ್ ಪ್ಲಸ್ 17ರಲ್ಲಿ ಬಂದ ಸ್ಟ್ರಿಂಗ್ ವ್ಯೂ ಕುರಿತ ಪುಟದ ಟಿಪ್ಪಣಿಯಲ್ಲಿ ಎರಡೇ ಸಾಲಿನ ಉದಾಹರಣೆಯಿದೆ. ಮೊದಲ ವೇರಿಯಬಲ್‌ನ ಹೆಸರು ಗುಡ್, ಅದಕ್ಕೆ ಲಿಟರಲ್ ಕೊಟ್ಟಿದ್ದಾರೆ. ಎರಡನೆಯದರ ಹೆಸರು ಬ್ಯಾಡ್, ಅದಕ್ಕೂ ಹೆಚ್ಚುಕಡಿಮೆ ಹಾಗೆಯೇ ಕಾಣುವ ಪಠ್ಯವನ್ನು ಕೊಟ್ಟಿದ್ದಾರೆ, ಆದರೆ ಕೊನೆಗೆ ಎಸ್ ಎಂಬ ಒಂದು ಅಕ್ಷರ ಅಂಟಿಕೊಂಡಿದೆ. ಆ ಒಂದು ಅಕ್ಷರದಿಂದ ಅದು ತಾತ್ಕಾಲಿಕ ಸ್ಟ್ರಿಂಗ್ ಆಗುತ್ತದೆ, ಬ್ಯಾಡ್ ಅಳಿದ ಜಾಗವನ್ನೇ ತೋರುವ ‘ತೂಗಾಡುವ’ ಪಾಯಿಂಟರ್ ಆಗುತ್ತದೆ. ಲಿಟರಲ್ ಬಳಸಿದರೆ ಏನು ಮರೆಯಾಗುತ್ತದೆ ಎಂಬುದನ್ನು ಲಿಟರಲ್ ಅನ್ನೇ ಪಕ್ಕದಲ್ಲಿಟ್ಟು ತೋರಿಸಿದ್ದಾರೆ. ರಸ್ಟ್‌ನ ಸ್ಪ್ಲಿಟ್ ವೈಟ್‌ಸ್ಪೇಸ್ ಪುಟಕ್ಕೆ ಇಂಥ ಎರಡು ಸಾಲು ಸಾಕಾಗುತ್ತಿತ್ತು.

ಹೋಲಿಕೆಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಬಾರೋ ಎಂದೊಡನೆ ಲೈಬ್ರರಿಯಿಂದ ಪುಸ್ತಕ ಎರವಲು ತಂದು ಗಡುವಿನೊಳಗೆ ಹಿಂದಿರುಗಿಸುವ ಕಥೆ ಹೇಳುವ ಚಾಳಿ ಕಲಿಸುವವರಲ್ಲಿ ಬಲವಾಗಿದೆ. ಅದು ದಾರಿ ತಪ್ಪಿಸುತ್ತದೆ ಎಂದೇ ನನ್ನ ಅಭಿಪ್ರಾಯ. ಪುಸ್ತಕದ ಗಡುವನ್ನು ಲೈಬ್ರರಿಯವರು ವಿಸ್ತರಿಸಿಕೊಡಬಹುದು. ಟಿಕ್ ಎ ಎಂದು ಬರೆದರೆ ಯಾವ ಮೌಲ್ಯದ ಆಯುಸ್ಸೂ ಒಂದು ಕ್ಷಣವೂ ಹೆಚ್ಚುವುದಿಲ್ಲ. ಅದು ಇರುವ ಸಂಬಂಧವನ್ನು ಬರೆದಿಡುವ ಗುರುತು ಅಷ್ಟೇ. ಈ ಕಥೆ ಕೇಳಿ ಬಂದವರೇ ಎರರ್ ಕಂಡಾಗ ಎಲ್ಲ ಕಡೆ ಟಿಕ್ ಎ ಉದುರಿಸಿ, ಆಯುಸ್ಸು ಬೆಳೆಯಲಿಲ್ಲವಲ್ಲ ಎಂದು ಕಾಯುವವರು.

ಎರಡು ಸಲ ಕರೆದು ನೋಡುವುದು

ನಮ್ಮ ಲೈಬ್ರರಿಯಲ್ಲಿ ಒಂದು ಚಿಕ್ಕ ಪಾರ್ಸರ್ ಇದೆ. ಅದು ಮೂಲ ಪಠ್ಯಕ್ಕೆ ಒಂದು ರೆಫರೆನ್ಸ್ ಇಟ್ಟುಕೊಂಡಿರುತ್ತದೆ, ಅದರ ಲೈಫ್‌ಟೈಮ್‌ಗೆ ಟಿಕ್ ಎ ಎಂದು ಹೆಸರು. ಜೊತೆಗೆ ಎಲ್ಲಿಯವರೆಗೆ ಓದಾಯಿತು ಎಂಬ ಲೆಕ್ಕ. ನೆಕ್ಸ್ಟ್ ಟೋಕನ್ ಎಂಬ ಮೆಥಡ್ ಕರೆದಾಗಲೆಲ್ಲ ಮುಂದಿನ ತುಂಡನ್ನು ಕೊಡುತ್ತದೆ. ಅದನ್ನು ಬರೆದ ಸಹೋದ್ಯೋಗಿ, ನಮ್ಮಲ್ಲಿ ಎಲ್ಲರಿಗಿಂತ ಅನುಭವಿ, ಸಿಗ್ನೇಚರ್ ಅನ್ನು ಹೀಗೆ ಬರೆದಿದ್ದರು: ಸೆಲ್ಫ್‌ಗೆ, ಅಂದರೆ ಪಾರ್ಸರ್‌ಗೇ, ಮ್ಯೂಟಬಲ್ (ಬದಲಿಸಲು ಬಿಡುವ) ರೆಫರೆನ್ಸ್ ತೆಗೆದುಕೊಳ್ಳುತ್ತದೆ, ಸ್ಟ್ರಿಂಗ್ ಸ್ಲೈಸ್ ಕೊಡುತ್ತದೆ. ಲೈಫ್‌ಟೈಮ್ ಹೆಸರುಗಳಿಲ್ಲದ ಚೊಕ್ಕ ಸಾಲು. ಅದರ ಉದಾಹರಣೆ ವೈಲ್ ಲೂಪ್ ಹಾಕಿ, ಒಂದೊಂದೇ ಟೋಕನ್ ತೆಗೆದು, ಅಲ್ಲಲ್ಲೇ ಅಚ್ಚು ಹಾಕುತ್ತಿತ್ತು. ಎಲ್ಲ ಪರೀಕ್ಷೆಗಳೂ ಪಾಸಾಗಿದ್ದವು.

ರಿವ್ಯೂ ಮಾಡುವಾಗ ನಾನು ಉದಾಹರಣೆಗೆ ಒಂದೇ ಬದಲಾವಣೆ ಕೇಳಿದೆ: ಟೋಕನ್ ಒಂದನ್ನು ತೆಗೆದು ಹೆಸರಿಟ್ಟುಕೊಳ್ಳಿ, ಇನ್ನೊಂದನ್ನು ತೆಗೆದು ಅದಕ್ಕೂ ಹೆಸರಿಡಿ, ಆಮೇಲೆ ಎರಡನ್ನೂ ಒಟ್ಟಿಗೆ ಅಚ್ಚು ಹಾಕಿ. ಕೀ ಮತ್ತು ವ್ಯಾಲ್ಯೂ ಓದುವವರು ಯಾರಾದರೂ ಮಾಡುವುದು ಇದನ್ನೇ. ಉದಾಹರಣೆ ಕೂಡಲೇ ಇ0499 ಎಂದು ಕೆಟ್ಟಿತು: ಒಂದೇ ವಸ್ತುವಿಗೆ ಏಕಕಾಲದಲ್ಲಿ ಎರಡು ಮ್ಯೂಟಬಲ್ ಬಾರೋ. ಕಾರಣ ಎಲಿಜನ್ ನಿಯಮ. ಲೈಫ್‌ಟೈಮ್ ಬರೆಯದೆ ಬಿಟ್ಟಾಗ, ಮೆಥಡ್‌ನಲ್ಲಿ ಸೆಲ್ಫ್‌ಗೆ ರೆಫರೆನ್ಸ್ ಇದ್ದರೆ, ಹಿಂದಿರುಗಿಸುವ ರೆಫರೆನ್ಸ್ ಸೆಲ್ಫ್‌ಗೇ ಅಂಟಿಕೊಳ್ಳುತ್ತದೆ. 2014ರಲ್ಲಿ, ರಸ್ಟ್ 1.0 ಬರುವ ಮೊದಲೇ, ಆರ್‌ಎಫ್‌ಸಿ 141ರಲ್ಲಿ ಒಪ್ಪಿಗೆಯಾದ ನಿಯಮವಿದು. ಬಹುತೇಕ ಸಂದರ್ಭಗಳಲ್ಲಿ ಸರಿಯಾದ ಊಹೆಯನ್ನೇ ಮಾಡುತ್ತದೆ. ಇಲ್ಲಿ ಮಾತ್ರ ಟೋಕನ್ ಮೂಲ ಪಠ್ಯದ ತುಂಡಾಗಿದ್ದರೂ, ಅದು ಪಾರ್ಸರ್‌ನ ಹಿಡಿತದಲ್ಲಿದೆ ಎಂದು ಸಿಗ್ನೇಚರ್ ಸಾರುತ್ತಿತ್ತು. ಮೊದಲ ಟೋಕನ್ ಬಳಕೆಯಲ್ಲಿರುವವರೆಗೂ ಪಾರ್ಸರ್ ಸೆರೆಯಲ್ಲಿ. ಹಿಂದಿರುಗಿಸುವ ಸ್ಲೈಸ್‌ಗೆ ಟಿಕ್ ಎ ಸೇರಿಸಿದ ಮೇಲೆ ಉದಾಹರಣೆ ಓಡಿತು.

ಇದರಲ್ಲಿ ಎರಡು ಸಂಗತಿಗಳು ನನಗೆ ಮುಖ್ಯವೆನಿಸುತ್ತವೆ. ಡಾಕ್ಯುಮೆಂಟೇಶನ್ ತಯಾರಿಸುವ ರಸ್ಟ್‌ಡಾಕ್ ಎಂಬ ಸಲಕರಣೆ ಪ್ರತಿ ಉದಾಹರಣೆಯನ್ನೂ ಕಂಪೈಲ್ ಮಾಡುವುದರಿಂದ, ಎರಡು ಸಲ ಕರೆಯುವ ಉದಾಹರಣೆ ಓದುಗನಿಗೆ ವಿವರಣೆಯಾದಂತೆಯೇ ಸಿಗ್ನೇಚರ್‌ಗೆ ಪರೀಕ್ಷೆಯೂ ಆಗುತ್ತದೆ; ನಾಳೆ ಯಾರಾದರೂ ಆ ಟಿಕ್ ಎ ಅನಗತ್ಯವೆಂದು ಅಳಿಸಿದರೆ ಅದೇ ಕೂಗಿಕೊಳ್ಳುತ್ತದೆ. ಈ ಕೆಲಸವನ್ನು ಲಿಂಟ್‌ಗಳು, ಅಂದರೆ ಅನುಮಾನಾಸ್ಪದ ಕೋಡ್ ಕಂಡರೆ ಎಚ್ಚರಿಸುವ ತಪಾಸಣೆಗಳು, ಮಾಡವು. 2025ರ ಆಗಸ್ಟ್‌ನಲ್ಲಿ ಬಂದ ರಸ್ಟ್ 1.89, ಲೈಫ್‌ಟೈಮ್ ಇರುವುದನ್ನೇ ಮುಚ್ಚಿಡುವ ಸಿಗ್ನೇಚರ್‌ಗಳಿಗೆ, ಉದಾಹರಣೆಗೆ ಸೆಲ್ಫ್‌ನ ರೆಫರೆನ್ಸ್ ತೆಗೆದುಕೊಂಡು ಬರೀ ಇಟರ್ (ಒಳಗೆ ರೆಫರೆನ್ಸ್ ಅಡಗಿರುವ ಒಂದು ಟೈಪ್) ಎಂದು ಹಿಂದಿರುಗಿಸುವ ಮೆಥಡ್‌ಗಳಿಗೆ, ಎಚ್ಚರಿಕೆ ಕೊಡಲು ಆರಂಭಿಸಿದೆ. ಡಾಕ್ಯುಮೆಂಟೇಶನ್ ಓದುವವರಿಗೆ ಅದು ದೊಡ್ಡ ಉಪಕಾರ. ಆದರೆ ನಮ್ಮ ನೆಕ್ಸ್ಟ್ ಟೋಕನ್‌ನಂಥ ಸಾಲಿನಲ್ಲಿ ಎರಡೂ ಕಡೆ ಆಂಪರ್‌ಸ್ಯಾಂಡ್ (ರೆಫರೆನ್ಸ್ ಸೂಚಿಸುವ & ಚಿಹ್ನೆ) ಕಣ್ಣಿಗೆ ಕಾಣುತ್ತಲೇ ಇದೆ. ಲಿಂಟ್‌ಗೆ ಅಲ್ಲಿ ಹೇಳುವುದೇನೂ ಇಲ್ಲ.

ಎರಡನೆಯದು ಆ ಸಹೋದ್ಯೋಗಿಯೇ ಎತ್ತಿದ ಆಕ್ಷೇಪ. “ಟಿಕ್ ಎ ಅಂತ ಒಮ್ಮೆ ಬರೆದುಕೊಟ್ಟರೆ ವಾಪಸ್ ತಗೊಳ್ಳೋಕೆ ಆಗಲ್ಲ, ಯೋಚನೆ ಮಾಡಿ” ಎಂದರು. ಅವರ ಮಾತು ಸರಿಯಿತ್ತು. ಮುಂದೆಂದಾದರೂ ಟೋಕನ್‌ನೊಳಗಿನ ಎಸ್ಕೇಪ್‌ಗಳನ್ನು (ಸಂಕೇತವಾಗಿ ಬರೆದ ವಿಶೇಷ ಅಕ್ಷರಗಳನ್ನು) ಬಿಡಿಸಿಕೊಡಬೇಕಾಗಿ ಬಂದರೆ ಪಾರ್ಸರ್ ತನ್ನದೇ ಬಫರ್ ಇಟ್ಟುಕೊಳ್ಳಬೇಕು, ಆಗ ಕೊಡುವ ಸ್ಲೈಸ್ ಸೆಲ್ಫ್‌ನದ್ದೇ ಆಗುತ್ತದೆ. ಸೆಲ್ಫ್‌ನಿಂದ ಟಿಕ್ ಎಗೆ ಬದಲಾಯಿಸಿದರೆ ಬಳಸುವವರ ಕೋಡು ಕೆಡುವುದಿಲ್ಲ, ತಿರುಗಿ ಬಂದರೆ ಕೆಡುತ್ತದೆ. ಹಾಗಾಗಿ ಬಿಗಿಯಾದ ಸಿಗ್ನೇಚರ್ ಉದ್ದೇಶಪೂರ್ವಕವೂ ಆಗಿರಬಹುದು. ಆಗಿದ್ದರೆ ಆಗಲಿ, ಆಗ ಉದಾಹರಣೆಯಲ್ಲಿ ಟೋಕನ್ ಅನ್ನು ಟು ಓನ್ಡ್ ಮಾಡಿಕೊಂಡು, ಅಂದರೆ ಸ್ವಂತ ನಕಲು ತೆಗೆದುಕೊಂಡು, ನಂತರ ಇನ್ನೊಂದನ್ನು ಕೇಳುವುದನ್ನು ತೋರಿಸಬೇಕು ಎಂದು ನಾನೆಂದೆ. ಒಂದೇ ಸಲ ಕರೆದು ಬಿಟ್ಟರೆ ಯಾವ ವಾಗ್ದಾನ ಇದೆ, ಯಾವುದು ಇಲ್ಲ ಎಂಬುದು ಬರೆದವರಿಗೂ ತಿಳಿಯುವುದಿಲ್ಲ. ಕೊನೆಗೆ ಟಿಕ್ ಎ ಉಳಿಯಿತು. ಎಸ್ಕೇಪ್ ಬಿಡಿಸಲು ಬೇರೆ ಮೆಥಡ್ ಇರಲಿ ಎಂದು ತೀರ್ಮಾನವಾಯಿತು.

ಪೈಥಾನ್‌ನ ಒಂದು ಪುಟ

ಈ ವಿಷಯದಲ್ಲಿ ನಾನು ಓದಿರುವ ಅತ್ಯುತ್ತಮ ಉದಾಹರಣೆ ರಸ್ಟ್‌ನದ್ದೇ ಅಲ್ಲ. ಪೈಥಾನ್‌ಗೆ ಸಿ ಭಾಷೆಯಲ್ಲಿ ಎಕ್ಸ್‌ಟೆನ್ಶನ್ ಬರೆಯುವ ಕುರಿತ ಅಧಿಕೃತ ಕೈಪಿಡಿಯಲ್ಲಿ ‘ಥಿನ್ ಐಸ್’ ಎಂಬ ಪುಟ್ಟ ಭಾಗವಿದೆ. ಅದರಲ್ಲಿರುವ ಫಂಕ್ಷನ್‌ನ ಹೆಸರೇ ಬಗ್. ಒಳಗೆ ಮೂರೇ ಸಾಲು: ಲಿಸ್ಟಿನ ಮೊದಲನೆಯ ವಸ್ತುವನ್ನು ಪೈಲಿಸ್ಟ್ ಗೆಟ್‌ಐಟಂನಿಂದ ಪಡೆಯುತ್ತಾರೆ, ಲಿಸ್ಟಿನ ಎರಡನೆಯ ಸ್ಥಾನಕ್ಕೆ ಸೊನ್ನೆಯನ್ನು ಇಡುತ್ತಾರೆ, ನಂತರ ಮೊದಲು ಪಡೆದ ವಸ್ತುವನ್ನು ಅಚ್ಚು ಹಾಕುತ್ತಾರೆ. ಮೇಲ್ನೋಟಕ್ಕೆ ನಿರಪಾಯಕಾರಿ, ಮುಟ್ಟಿದ್ದು ಎರಡನೆಯ ಸ್ಥಾನವನ್ನು, ಹಿಡಿದಿರುವುದು ಮೊದಲನೆಯದನ್ನು. ಆದರೆ ಗೆಟ್‌ಐಟಂ ಕೊಡುವುದು ಬಾರೋಡ್ ರೆಫರೆನ್ಸ್, ಅಂದರೆ ರೆಫರೆನ್ಸ್ ಕೌಂಟ್ (ವಸ್ತುವನ್ನು ಎಷ್ಟು ಕಡೆ ಹಿಡಿದಿದ್ದಾರೆ ಎಂಬ ಲೆಕ್ಕ) ಏರಿಸದೆ ಕೊಟ್ಟದ್ದು. ಎರಡನೆಯ ಸ್ಥಾನದಲ್ಲಿ ಮೊದಲಿದ್ದ ವಸ್ತು ಹೊರಬಿದ್ದು ಅದರ ಕೌಂಟ್ ಸೊನ್ನೆಯಾದರೆ ಅದರ ಡೆಲ್ ಮೆಥಡ್ ಓಡುತ್ತದೆ. ಆ ಮೆಥಡ್‌ನಲ್ಲಿ ಯಾವ ಪೈಥಾನ್ ಕೋಡ್ ಬೇಕಾದರೂ ಇರಬಹುದು, ಅದೇ ಲಿಸ್ಟಿನ ಮೊದಲನೆಯ ವಸ್ತುವನ್ನು ಅಳಿಸುವ ಕೋಡೂ ಇರಬಹುದು. ಇದ್ದರೆ, ನಾವು ಹಿಡಿದಿರುವ ವಸ್ತು ಕೈಯಲ್ಲಿರುವಾಗಲೇ ಸತ್ತಿರುತ್ತದೆ.

ಈ ಉದಾಹರಣೆಯ ಸತ್ವ ಎಲ್ಲಿದೆ ಎಂದರೆ, ಎರಡನೆಯ ಬಿಂದು ಕಣ್ಣೆದುರೇ ಇದ್ದೂ ಅಪಾಯದಂತೆ ಕಾಣದಿರುವುದರಲ್ಲಿ. ಅಳಿಸುವ ಸಾಲು ‘ಅಳಿಸು’ ಎಂದು ಹೇಳುವುದಿಲ್ಲ. ಪೈಥಾನ್‌ನ ಹಳೆಯ ಆವೃತ್ತಿಯೊಂದರಲ್ಲೇ ಇಂಥ ದೋಷಗಳಿದ್ದವೆಂದೂ, ಯಾರೋ ಒಬ್ಬರು ಸಿ ಡಿಬಗರ್‌ನಲ್ಲಿ ಬಹಳ ಹೊತ್ತು ತಡಕಾಡಿದ ಮೇಲೆ ಅದು ಸಿಕ್ಕಿತೆಂದೂ ಅಲ್ಲೇ ದಾಖಲಿಸಿದ್ದಾರೆ. ಪಕ್ಕದಲ್ಲೇ ಸರಿಯಾದ ರೂಪವೂ ಇದೆ: ವಸ್ತುವನ್ನು ಪಡೆದ ಕೂಡಲೇ ಕೌಂಟ್ ಏರಿಸಿ, ಬಳಸಿಯಾದ ಮೇಲೆ ಇಳಿಸುವುದು. 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಲ್ಲಿ ಪೈಲಿಸ್ಟ್ ಗೆಟ್‌ಐಟಂರೆಫ್ ಎಂಬ ಹೊಸ ಫಂಕ್ಷನ್ ಸೇರಿದೆ, ಅದು ಕೌಂಟ್ ಏರಿಸಿಯೇ ಕೊಡುತ್ತದೆ. ಬಗ್ ಉದಾಹರಣೆ ಓದಿದವರಿಗೆ ಈ ಹೊಸ ಫಂಕ್ಷನ್ ಏಕೆ ಬೇಕಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸ್ಟ್ಯಾಟಿಕ್ ಮತ್ತು ಅಡಗಿಸಿದ ಸಾಲುಗಳು

ಪ್ರೋಗ್ರಾಮ್ ಮುಗಿಯುವವರೆಗಿನ ಲೈಫ್‌ಟೈಮ್‌ನ ಹೆಸರಾದ ಟಿಕ್ ಸ್ಟ್ಯಾಟಿಕ್ ಬಗ್ಗೆ ದೀರ್ಘವಾಗಿ ಬರೆಯುವ ಅಗತ್ಯವಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಉದಾಹರಣೆ ಆಗಲೇ ಇದೆ. ಹೊಸ ಥ್ರೆಡ್ ಆರಂಭಿಸುವ ಥ್ರೆಡ್ ಸ್ಪಾನ್ ಎಂಬ ಫಂಕ್ಷನ್ ಟಿಕ್ ಸ್ಟ್ಯಾಟಿಕ್ ಕೇಳುತ್ತದೆ ಎಂದೊಡನೆ ಹೊಸಬರು ತಮ್ಮ ವೆಕ್ಟರ್ ಪ್ರೋಗ್ರಾಮ್ ಮುಗಿಯುವವರೆಗೂ ಬದುಕಬೇಕು ಎಂದು ತಿಳಿದು ಹೆದರುತ್ತಾರೆ. ವೆಕ್ಟರ್ ಅನ್ನೇ ಕ್ಲೋಶರ್‌ಗೆ (ಥ್ರೆಡ್ ಓಡಿಸುವ ಕೋಡಿಗೆ) ಮೂವ್ ಮಾಡಿಕೊಟ್ಟರೆ, ಅಂದರೆ ಒಡೆತನ ದಾಟಿಸಿದರೆ, ಸಾಕು, ಥ್ರೆಡ್ ಮುಗಿದಾಗ ಅದೂ ಮುಗಿಯಬಹುದು. ‘ರಸ್ಟ್ ಬೈ ಎಕ್ಸಾಂಪಲ್’ ಇದನ್ನು ಎರಡು ಸಾಲಿನಲ್ಲಿ ತೋರಿಸುತ್ತದೆ: ಟಿಕ್ ಸ್ಟ್ಯಾಟಿಕ್ ಕೇಳುವ ಪ್ರಿಂಟ್ ಇಟ್ ಎಂಬ ಫಂಕ್ಷನ್‌ಗೆ ಐ ಎಂಬ ಲೋಕಲ್ ವೇರಿಯಬಲ್ ಕೊಟ್ಟರೆ ಸರಿ, ಐಗೆ ರೆಫರೆನ್ಸ್ ಕೊಟ್ಟರೆ ಎರರ್. ಒಂದು ಆಂಪರ್‌ಸ್ಯಾಂಡ್‌ನ ಅಂತರ. 2022ರ ಆಗಸ್ಟ್‌ನಲ್ಲಿ ರಸ್ಟ್ 1.63ರೊಂದಿಗೆ ಸ್ಕೋಪ್ಡ್ ಥ್ರೆಡ್‌ಗಳು (ಗೊತ್ತುಪಡಿಸಿದ ಬ್ಲಾಕಿನೊಳಗೇ ಮುಗಿಯುವ ಥ್ರೆಡ್‌ಗಳು) ಬಂದ ಮೇಲೆ ರೆಫರೆನ್ಸ್ ಕೊಡಲೇಬೇಕಾದವರಿಗೂ ದಾರಿಯಾಗಿದೆ.

ನನ್ನನ್ನು ಹೆಚ್ಚು ಕೆಣಕುವುದು ಅಡಗಿಸುವ ಸೌಲಭ್ಯ. ರಸ್ಟ್‌ಡಾಕ್‌ನಲ್ಲಿ ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ ಹಾಕಿದರೆ ಆ ಸಾಲು ಕಂಪೈಲ್ ಆಗುತ್ತದೆ, ಪುಟದಲ್ಲಿ ಕಾಣುವುದಿಲ್ಲ. ಪೂರ್ವಸಿದ್ಧತೆಯ ಗದ್ದಲವನ್ನು ಮರೆಮಾಡಲು ಅದು ಅನುಕೂಲ. ಆದರೆ ಆ ಗದ್ದಲದೊಳಗೇ ಮಾಲೀಕ, ಅಂದರೆ ಮೌಲ್ಯದ ಒಡೆತನವಿರುವ ವೇರಿಯಬಲ್, ಹುಟ್ಟುವ ಸಾಲೂ ಇರುತ್ತದೆ. ನಮ್ಮ ತಂಡದವರು ಬಳಸುತ್ತಿದ್ದ ಹೊರಗಿನ ಲೈಬ್ರರಿಯೊಂದರ ಪುಟದಲ್ಲಿ ಕಾಣುತ್ತಿದ್ದದ್ದು ಡಾಕ್ ಎಂಬ ವಸ್ತುವಿನಿಂದ ರೂಟ್ ಪಡೆಯುವ ಒಂದೇ ಸಾಲು. ಡಾಕ್ ಎಲ್ಲಿಂದ ಬಂತು, ಅದಕ್ಕೂ ಮೊದಲು ಬಫರ್ ಯಾರ ಬಳಿ ಇತ್ತು ಎಂಬುದೆಲ್ಲ ಹ್ಯಾಶ್‌ನ ಹಿಂದೆ. ಅದನ್ನು ನೋಡಿದವರೆಲ್ಲ ಬಫರ್ ತೆರೆದು, ಡಾಕ್ ಮಾಡಿ, ರೂಟ್ ಹಿಂದಿರುಗಿಸುವ ಚೊಕ್ಕ ಸಹಾಯಕ ಫಂಕ್ಷನ್ ಬರೆಯಲು ಹೋಗಿ, ಲೋಕಲ್ ವೇರಿಯಬಲ್‌ನ ರೆಫರೆನ್ಸ್ ಹಿಂದಿರುಗಿಸಲಾಗದು ಎಂಬ ಇ0515ಕ್ಕೆ ಡಿಕ್ಕಿ ಹೊಡೆಯುತ್ತಿದ್ದರು. ರೆಫರೆನ್ಸ್ ಕೊಡುವ ಉದಾಹರಣೆಯಲ್ಲಿ ಮಾಲೀಕನ ಲೆಟ್ ಸಾಲನ್ನು ಎಂದಿಗೂ ಅಡಗಿಸಬಾರದು ಎಂಬುದು ನಮ್ಮಲ್ಲಿ ಈಗ ರಿವ್ಯೂ ನಿಯಮವೇ ಆಗಿದೆ.

ಕೆಡುವ ಉದಾಹರಣೆಗಳನ್ನು ಇಡಲು ಕಂಪೈಲ್ ಫೇಲ್ ಎಂಬ ಗುರುತು ಇದೆ. ಆ ಗುರುತಿರುವ ಕೋಡು ಕಂಪೈಲ್ ಆಗಿಬಿಟ್ಟರೆ ಪರೀಕ್ಷೆ ಸೋಲುತ್ತದೆ. ಇಲ್ಲೊಂದು ಬಿರುಕಿದೆ: ಕೋಡು ಯಾವ ಕಾರಣಕ್ಕೆ ಕೆಟ್ಟರೂ ಪರೀಕ್ಷೆ ಪಾಸು. ವೇರಿಯಬಲ್‌ನ ಹೆಸರಿನಲ್ಲಿ ಕಾಗುಣಿತ ತಪ್ಪಿದರೂ, ಯೂಸ್ ಸಾಲು ಮರೆತರೂ ಅದು ಲೈಫ್‌ಟೈಮ್ ಎರರ್‌ನಂತೆಯೇ ಪಾಸಾಗುತ್ತದೆ. ಪಕ್ಕದಲ್ಲಿ ಇ0597 ಎಂದು ಎರರ್‌ನ ಸಂಖ್ಯೆ ಬರೆಯಬಹುದು, ಆದರೆ ಅದನ್ನು ತಾಳೆ ನೋಡುವುದು ನೈಟ್ಲಿ ಟೂಲ್‌ಚೈನ್, ಅಂದರೆ ಕಂಪೈಲರ್‌ನ ಪ್ರಾಯೋಗಿಕ ಆವೃತ್ತಿ, ಮಾತ್ರ. ಹಾಗಾಗಿ ಕೆಡುವ ಉದಾಹರಣೆಯನ್ನು ಒಂಟಿಯಾಗಿ ಬಿಡದೆ, ಒಂದೇ ಸಾಲಿನ ವ್ಯತ್ಯಾಸವಿರುವ ಓಡುವ ಉದಾಹರಣೆಯನ್ನು ಮೇಲೆಯೇ ಇಡುತ್ತೇವೆ. ಮೇಲಿನದು ಓಡಿದರೆ, ಕೆಳಗಿನದು ಕೆಟ್ಟದ್ದು ಆ ಒಂದು ಸಾಲಿನಿಂದಲೇ ಎಂದು ಬಹುಮಟ್ಟಿಗೆ ನಂಬಬಹುದು.

ಕಂಪೈಲರ್ ಮಾತಾಡದಿರುವಲ್ಲಿ

ಇಷ್ಟು ಹೊತ್ತು ಹೇಳಿದ ಎಲ್ಲ ಸಂದರ್ಭಗಳಲ್ಲೂ ರಸ್ಟ್ ಬರೆಯುವವರನ್ನು ಕೊನೆಗೆ ಕಂಪೈಲರ್ ತಡೆದು ನಿಲ್ಲಿಸುತ್ತದೆ. ಉದಾಹರಣೆ ಎಷ್ಟೇ ಕಳಪೆಯಾಗಿದ್ದರೂ ನಷ್ಟವಾಗುವುದು ಸಮಯ ಮಾತ್ರ. ಆದರೆ ಲಾಕ್‌ಗಳ ಗಾರ್ಡ್, ಅಂದರೆ ಬದುಕಿರುವವರೆಗೆ ಲಾಕ್ ಹಿಡಿದಿಟ್ಟು ಅಳಿದಾಗ ಬಿಡುವ ಮೌಲ್ಯ, ಅದರ ವಿಷಯದಲ್ಲಿ ಹಾಗಿಲ್ಲ. ಓದಲು ಮತ್ತು ಬರೆಯಲು ಬೇರೆ ಬೇರೆ ಲಾಕ್ ಕೊಡುವ ಆರ್‌ಡಬ್ಲ್ಯೂಲಾಕ್ ಒಂದನ್ನು ಇಫ್ ಲೆಟ್‌ನ ತಲೆಯಲ್ಲಿ ರೀಡ್ ಮಾಡಿ, ಬೇಕಾದ ಮೌಲ್ಯ ಇಲ್ಲದಿದ್ದರೆ ಎಲ್ಸ್‌ನಲ್ಲಿ ರೈಟ್ ಲಾಕ್ ತೆಗೆದುಕೊಂಡು ತುಂಬುವುದು ಯಾರಿಗಾದರೂ ಸಹಜವಾಗಿ ತೋಚುವ ಕೋಡು. ರಸ್ಟ್‌ನ 2021ರ ಎಡಿಶನ್‌ವರೆಗಿನ (ಎಡಿಶನ್ ಎಂದರೆ ಪ್ರತಿ ಪ್ರಾಜೆಕ್ಟ್ ಆರಿಸಿಕೊಳ್ಳುವ ಭಾಷಾನಿಯಮಗಳ ಕಂತು) ನಿಯಮದಂತೆ, ತಲೆಯಲ್ಲಿ ಹುಟ್ಟಿದ ತಾತ್ಕಾಲಿಕ ಗಾರ್ಡ್ ಎಲ್ಸ್ ಭಾಗ ಮುಗಿಯುವವರೆಗೂ ಬದುಕಿರುತ್ತಿತ್ತು. ರೀಡ್ ಲಾಕ್ ಬಿಡುಗಡೆಯಾಗದೆ ರೈಟ್ ಸಿಗದು, ರೈಟ್ ಸಿಗದೆ ಎಲ್ಸ್ ಮುಗಿಯದು. ಕೋಡು ಶುದ್ಧವಾಗಿ ಕಂಪೈಲ್ ಆಗಿ, ಡೆಡ್‌ಲಾಕ್ ಆಗಿ ಕುಳಿತುಬಿಡುತ್ತದೆ. 2025ರ ಫೆಬ್ರವರಿಯಲ್ಲಿ ರಸ್ಟ್ 1.85ರ ಜೊತೆ ಬಂದ 2024ರ ಎಡಿಶನ್ ಈ ನಿಯಮವನ್ನು ಬದಲಿಸಿತು. ಈಗ ಎಲ್ಸ್‌ಗೆ ಕಾಲಿಡುವ ಮೊದಲೇ ಗಾರ್ಡ್ ಡ್ರಾಪ್ ಆಗುತ್ತದೆ.

ಅಂದರೆ ಅಕ್ಷರಕ್ಷರವೂ ಒಂದೇ ಆಗಿರುವ ಉದಾಹರಣೆ, ಪ್ರಾಜೆಕ್ಟಿನ ವಿವರ ಹೊತ್ತ ಕಾರ್ಗೋ ಫೈಲಿನಲ್ಲಿರುವ ಎಡಿಶನ್ ಸಂಖ್ಯೆಗೆ ತಕ್ಕಂತೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತದೆ. ಕಂಪೈಲ್ ಫೇಲ್ ಇಲ್ಲಿ ಉಪಯೋಗಕ್ಕೆ ಬಾರದು, ಡೆಡ್‌ಲಾಕ್ ಆಗುವ ಉದಾಹರಣೆಯನ್ನು ಪರೀಕ್ಷೆಯಾಗಿ ಓಡಿಸುವಂತೆಯೂ ಇಲ್ಲ. ನಮ್ಮ ಪುಟದಲ್ಲಿ ನಾನು ಲಾಕ್ ಅನ್ನೇ ಬಿಟ್ಟು ಬೇರೆ ದಾರಿ ಹಿಡಿದಿದ್ದೇನೆ. ಡ್ರಾಪ್ ಆಗುವಾಗ ‘ಗಾರ್ಡ್ ಹೋಯಿತು’ ಎಂದು ಒಂದು ಪಟ್ಟಿಗೆ ಸೇರಿಸುವ ಪುಟ್ಟ ಸ್ಟ್ರಕ್ಟ್, ಎಲ್ಸ್‌ನ ಒಳಗೆ ‘ಎಲ್ಸ್ ಬಂತು’ ಎಂದು ಅದೇ ಪಟ್ಟಿಗೆ ಸೇರಿಸುವ ಸಾಲು, ಕೊನೆಗೆ ಪಟ್ಟಿಯ ಕ್ರಮವನ್ನು ಪರೀಕ್ಷಿಸುವ ಅಸರ್ಟ್. ರಸ್ಟ್‌ಡಾಕ್‌ನಲ್ಲಿ ಕೋಡ್ ಬ್ಲಾಕಿನ ತಲೆಗೆ ಎಡಿಶನ್ ನಮೂದಿಸಲು ಅವಕಾಶವಿರುವುದರಿಂದ ಅದೇ ಕೋಡನ್ನು ಎರಡು ಸಲ ಇಟ್ಟಿದ್ದೇನೆ. 2021 ಎಂದಿರುವ ಬ್ಲಾಕಿನ ಅಸರ್ಟ್‌ನಲ್ಲಿ ಎಲ್ಸ್ ಮೊದಲು, ಗಾರ್ಡ್ ಆಮೇಲೆ. 2024 ಎಂದಿರುವುದರಲ್ಲಿ ಗಾರ್ಡ್ ಮೊದಲು, ಎಲ್ಸ್ ಆಮೇಲೆ.